100ನೆಯ ಡ್ರಿಪ್ಪಿನ ನಂತರ

ಕಳೆದ ವಾರ ಚಿಕ್ಕಮಗಳೂರಿನಲ್ಲಿ ನಮ್ಮ ಮಗನಿಗೆ 100ನೆಯ ಸಲ ಇಮ್ಯುನೊಗ್ಲಾಬ್ಯುಲಿನ್ (ಸೋಂಕಿನೊಡನೆ ಹೋರಾಡುವ ಪ್ರತಿಕಾಯಗಳ ಔಷಧ) ಡ್ರಿಪ್ ಹಾಕಿಸಿಕೊಂಡು ಆಲ್ದೂರಿನ ಮನೆಗೆ ಮರಳುವಾಗ, ಇಷ್ಟು ವರ್ಷ ನಮ್ಮ ಜೊತೆ ನಿಂತವರಿಗೆ ಕೃತಜ್ಞತೆಯ ಒಂದು ಮಾತನ್ನೂ ಸರಿಯಾಗಿ ಹೇಳಿಲ್ಲವೆಂದು ಮನಸ್ಸಿಗೆ ಬಂತು. ಅದಕ್ಕಾಗಿ ಈ ಬರಹ.

ಹುಟ್ಟಿದ ಆರು ತಿಂಗಳವರೆಗೆ ಅವನು ಗುಂಡುಗುಂಡಾಗಿ ಬೆಳೆದ. ಆಮೇಲೆ ಕಿವಿ ಸೋರುವುದು, ಕಫ, ನ್ಯುಮೋನಿಯಾ ಒಂದರ ಬೆನ್ನಿಗೊಂದು ಬಂದವು. ಎರಡು ವರ್ಷ ತುಂಬುವುದರೊಳಗೆ ಮೂರು ಸಲ ಆಸ್ಪತ್ರೆ ಸೇರಿದ. ಮಲೆನಾಡಿನ ಥಂಡಿಗೆ ಇದೆಲ್ಲ ಸಾಮಾನ್ಯವೆಂದು ಹೇಳಿ ಪ್ರತಿಸಲವೂ ಆಂಟಿಬಯಾಟಿಕ್ ಬರೆದುಕೊಟ್ಟು ಕಳಿಸುತ್ತಿದ್ದರು. ನಾವೂ ನಂಬಿದೆವು, ದೃಷ್ಟಿಯನ್ನೂ ತೆಗೆಸಿದೆವು.

ಮೊದಲ ನಮಸ್ಕಾರ ಚಿಕ್ಕಮಗಳೂರಿನ ಆ ಮಕ್ಕಳ ವೈದ್ಯರಿಗೆ. ಅವರು ಟಾರ್ಚ್ ಹಿಡಿದು ಮಗುವಿನ ಗಂಟಲನ್ನು ಬಹಳ ಹೊತ್ತು ನೋಡಿದರು. ಅಷ್ಟು ಸಲ ಸೋಂಕು ಬಂದ ಮಗುವಿನಲ್ಲಿ ಊದಿಕೊಂಡಿರಬೇಕಾದ ಟಾನ್ಸಿಲ್ ಇವನಲ್ಲಿ ಕಾಣಿಸಲೇ ಇಲ್ಲ. ಬಳಿಕ ನನ್ನ ಕಡೆ ತಿರುಗಿ, “ನಿಮ್ಮ ತವರಿನಲ್ಲಿ ಗಂಡುಮಕ್ಕಳು ಯಾರಾದರೂ ಚಿಕ್ಕಂದಿನಲ್ಲೇ ತೀರಿಕೊಂಡಿದ್ದಾರೇನಮ್ಮ?” ಎಂದು ಕೇಳಿದರು. ನಾನು ಹುಟ್ಟುವ ಮುಂಚೆಯೇ ನನ್ನ ಅಣ್ಣ ನಾಲ್ಕನೇ ವರ್ಷಕ್ಕೆ ನ್ಯುಮೋನಿಯಾದಿಂದ ಹೋಗಿದ್ದ. ಮನೆಯಲ್ಲಿ ಅವನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಆ ಪ್ರಶ್ನೆಯನ್ನು ಅವರು ಕೇಳದೇ ಹೋಗಿದ್ದರೆ ನಾನು ಅದನ್ನು ನಾನಾಗಿ ಹೇಳುತ್ತಿರಲಿಲ್ಲ.

ಬೆಂಗಳೂರಿಗೆ ಕಳಿಸಿದ ರಕ್ತದಲ್ಲಿ ಪ್ರತಿಕಾಯಗಳು ಇಲ್ಲವೆನ್ನುವಷ್ಟು ಕಡಿಮೆಯಿದ್ದವು. ಅವುಗಳನ್ನು ತಯಾರಿಸುವ ಬಿ ಜೀವಕೋಶಗಳೂ ಇರಲಿಲ್ಲ. ಎಕ್ಸ್ ಲಿಂಕ್ಡ್ ಅಗಾಮಾಗ್ಲಾಬ್ಯುಲಿನೀಮಿಯಾ ಎಂಬ ಈ ಕಾಯಿಲೆಯನ್ನು 1952ರಲ್ಲಿ ಅಮೆರಿಕದ ಆಗ್ಡೆನ್ ಬ್ರೂಟನ್ ಎಂಬ ವೈದ್ಯರು ಎಂಟು ವರ್ಷದ ಹುಡುಗನೊಬ್ಬನಲ್ಲಿ ಗುರುತಿಸಿದರು. ಅದಕ್ಕೆ ಕಾರಣವಾದ ಬಿಟಿಕೆ ಜೀನ್ 1993ರಲ್ಲಿ ಪತ್ತೆಯಾಯಿತು. ಬಸಿರಿನಲ್ಲಿ ತಾಯಿಯಿಂದ ಬಂದ ಪ್ರತಿಕಾಯಗಳು ಮೊದಲ ಕೆಲವು ತಿಂಗಳು ಮಗುವನ್ನು ಕಾಯುತ್ತವೆ, ಅವು ಕರಗಿದ ಮೇಲೆ ಸೋಂಕುಗಳು ಶುರುವಾಗುತ್ತವೆ. ದೋಷವಿರುವುದು ಎಕ್ಸ್ ವರ್ಣತಂತುವಿನಲ್ಲಿ. ಅದನ್ನು ಹೊತ್ತ ತಾಯಿ ಆರೋಗ್ಯವಾಗಿಯೇ ಇರುತ್ತಾಳೆ. ಅವಳಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಅರ್ಧಕ್ಕರ್ಧ.

ಇದನ್ನು ನನಗೆ ತಿಳಿಸಿದ ಆ ವೈದ್ಯರು, ಮುಂದಿನ ವಾರ ನನ್ನ ಅಮ್ಮನನ್ನೂ ಕರೆತರಲು ಹೇಳಿದರು. ಅಣ್ಣನನ್ನು ಮಳೆಯಲ್ಲಿ ನಾಟಿಗೆ ಕರೆದೊಯ್ದು ಗದ್ದೆಯ ಬದುವಿನ ಮೇಲೆ ಗೊರಬಿನಡಿ ಕೂರಿಸಿದ್ದರಿಂದಲೇ ಅವನು ಹೋದನೆಂದು ಅಮ್ಮ ಅಷ್ಟೂ ವರ್ಷ ನಂಬಿದ್ದರು. “ನಿಮ್ಮ ಆರೈಕೆಯಲ್ಲಿ ಏನೂ ಕೊರತೆಯಿರಲಿಲ್ಲ ಅಜ್ಜಿ, ಮಳೆಯಿಂದ ಆದದ್ದಲ್ಲ ಅದು” ಎಂದು ವೈದ್ಯರು ಹೇಳಿದಾಗ ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುಳಿತುಬಿಟ್ಟರು. ಹೊರಗೆ ಸಾಲುಗಟ್ಟಿ ರೋಗಿಗಳಿದ್ದರೂ ವೈದ್ಯರು ಕಾದರು. ಮಗನನ್ನು ಉಳಿಸಿಕೊಟ್ಟಿದ್ದಕ್ಕೆ ಎಷ್ಟು ಋಣಿಯೋ, ಆ ಕಾಲು ಗಂಟೆಗೂ ನಾನು ಅಷ್ಟೇ ಋಣಿ.

ಡ್ರಿಪ್ ಹಾಕುವ ಸಿಸ್ಟರ್‌ಗೆ ಹೇಗೆ ವಂದಿಸಲಿ? ಫ್ರಿಜ್‌ನಿಂದ ತೆಗೆದ ಬಾಟಲಿಯ ಚಳಿ ಬಿಡುವವರೆಗೆ ಕಾಯುತ್ತಾರೆ, ನೊರೆ ಬರಬಾರದೆಂದು ಅಲುಗಾಡಿಸದೆ ತೂಗುಹಾಕುತ್ತಾರೆ, ಮಗನ ಕೈಯನ್ನು ಬಿಸಿನೀರಿನ ಚೀಲದ ಮೇಲಿರಿಸಿ ನರ ಮೇಲೆದ್ದ ಮೇಲಷ್ಟೇ ಸೂಜಿ ಹಿಡಿಯುತ್ತಾರೆ. ಮೊದಲ ಅರ್ಧ ಗಂಟೆ ಹನಿಗಳು ಬಹಳ ನಿಧಾನ. ಮೈ ನಡುಗದಿದ್ದರೆ, ಜ್ವರ ಬಾರದಿದ್ದರೆ ವೇಗ ಹೆಚ್ಚಿಸುತ್ತಾರೆ. ಬಾಟಲಿಯ ಮೇಲಿನ ಬ್ಯಾಚ್ ನಂಬರಿನ ಚೀಟಿಯನ್ನು ಮಗನೇ ಬಿಡಿಸಿ ನೋಟ್‌ಬುಕ್ಕಿಗೆ ಅಂಟಿಸುತ್ತಾನೆ. ಮೊದಲು 5 ಗ್ರಾಂನ ಒಂದೇ ಬಾಟಲಿ ಸಾಕಾಗುತ್ತಿತ್ತು. ಈಗ 28 ಕಿಲೋ ತೂಗುವ ಹುಡುಗನಿಗೆ ಮೂರು ಬೇಕು.

ಅಂಥ ಒಂದೊಂದು ಬ್ಯಾಚೂ ಸಾವಿರಕ್ಕೂ ಹೆಚ್ಚು ಜನರ ಪ್ಲಾಸ್ಮಾದಿಂದ (ರಕ್ತದ ತಿಳಿ ದ್ರವದಿಂದ) ತಯಾರಾಗುತ್ತದೆ. ಅವರಿಗೆ ಬಂದುಹೋದ ಕಾಯಿಲೆಗಳು, ಹಾಕಿಸಿಕೊಂಡ ಲಸಿಕೆಗಳು ಅವರ ಮೈಯಲ್ಲಿ ಮೂಡಿಸಿದ ಪ್ರತಿಕಾಯಗಳು ಈ ಹುಡುಗನನ್ನು ಕಾಯುತ್ತಿವೆ. ಮೂರು ವಾರಗಳಲ್ಲಿ ಅವು ಅರ್ಧದಷ್ಟು ಕರಗುವುದರಿಂದ ನಾಲ್ಕು ವಾರಕ್ಕೊಮ್ಮೆ ಮತ್ತೆ ಬೇಕು. ಹೆಸರು, ಊರು ತಿಳಿಯದ ಆ ದಾನಿಗಳಿಗೆ ಇಡೀ ಮನೆಯ ನಮಸ್ಕಾರ.

ಆಷಾಢದ ಮಳೆಯಲ್ಲಿ ಮೂರು ಮೂರು ದಿನ ಕರೆಂಟಿಲ್ಲದಾಗ ಬಾಟಲಿಗಳನ್ನು ತಮ್ಮ ಅಂಗಡಿಯ ಫ್ರಿಜ್‌ನಲ್ಲಿ ಕಾಪಾಡಿಕೊಟ್ಟ ಮೆಡಿಕಲ್ ಸ್ಟೋರಿನ ಅಣ್ಣನಿಗೆ, ಬಾಯಿಗೆ ಹಾಕುವ ಪೋಲಿಯೊ ಹನಿಯಲ್ಲಿ ಜೀವಂತ ವೈರಾಣು ಇರುವುದರಿಂದ ಇವನಿಗೆ ಹಾಕಬಾರದೆಂಬುದನ್ನು ಪ್ರತಿವರ್ಷ ನೆನಪಿಟ್ಟುಕೊಂಡ ಆಶಾ ಕಾರ್ಯಕರ್ತೆಗೆ, ತರಗತಿಯಲ್ಲಿ ಯಾರಿಗಾದರೂ ಚಿಕನ್‌ಪಾಕ್ಸ್ ಕಂಡರೆ ಅಂದೇ ಫೋನ್ ಮಾಡುವ ಟೀಚರಿಗೆ ನಾವು ಚಿರಋಣಿಗಳು.

ಡ್ರಿಪ್ಪಿನ ಸಂಜೆ ಮಗನಿಗೆ ತಲೆನೋವು ಬರುವುದುಂಟು. ಆಗ ಅಜ್ಜಿಯ ಮಡಿಲೇ ಆಗಬೇಕು. ಕಳೆದ ವಾರ ಅವನು ಹಾಗೆ ಮಲಗಿದ್ದಾಗ, ಅಮ್ಮ ಅವನ ತಲೆ ನೇವರಿಸುತ್ತಾ ಅವನ ಸೋದರಮಾವನ ಬಗ್ಗೆ ಹೇಳುತ್ತಿದ್ದರು, ಹೆಸರು ಹಿಡಿದು.