ಥರ್ಮಲ್ ಬರಲಿಲ್ಲ, ಕೊಟ್ಟ ಮಾತು ಏನಾಯಿತು? ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಕಲಬುರಗಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರ.

ಜೇವರ್ಗಿ ರಸ್ತೆಯಲ್ಲಿ ಫರಹತಾಬಾದ್ ದಾಟಿದರೆ ಫಿರೋಜಾಬಾದ್. ಬಹಮನಿ ಸುಲ್ತಾನ ಫಿರೋಜ್ ಷಾ 600 ವರ್ಷದ ಹಿಂದೆ ಭೀಮಾ ದಂಡೆಯಲ್ಲಿ ಕಟ್ಟಿಸಿದ ಊರು. ಅವನ ಕೋಟೆ ಗೋಡೆ ಇನ್ನೂ ನಿಂತಿದೆ. ನಮ್ಮ ಕಾಲದಲ್ಲಿ ಇಲ್ಲೇ ಕಟ್ಟುತ್ತೇವೆ ಅಂದ ಥರ್ಮಲ್, ಅಂದರೆ ಕಲ್ಲಿದ್ದಲು ಸುಟ್ಟು ಕರೆಂಟ್ ತೆಗೆಯುವ ಸ್ಥಾವರದ ಒಂದು ಚಿಮಣಿಯೂ ಏಳಲಿಲ್ಲ.

ಏಳಲಿಲ್ಲ ಅಂತ ನನಗೇನೂ ಬೇಜಾರಿಲ್ಲ. ಪಕ್ಕದ ಶಕ್ತಿನಗರದ ಥರ್ಮಲ್‌ನಲ್ಲಿ 1720 ಮೆಗಾವಾಟ್, ಯರಮರಸ್‌ನಲ್ಲಿ 1600, ಕೂಡಗಿಯಲ್ಲಿ 2400 ಇದೆ. ನಮ್ಮಲ್ಲಿ ಕಲ್ಲಿದ್ದಲು ಗಣಿ ಇಲ್ಲ, ಎಲ್ಲಾ ರೈಲಿನಲ್ಲೇ ಬರಬೇಕು. ಸುಟ್ಟ ಮೇಲೆ ಮೂರರಲ್ಲಿ ಒಂದು ಪಾಲು ಬೂದಿ. ಅದು ಹಾರಿ ಬಂದು ಕೂರುವುದು ನಮ್ಮ ತೊಗರಿ ಹೂವಿನ ಮೇಲೆ. ಇನ್ನು ನೀರು? ಬೇಸಿಗೆಯ ಭೀಮಾ ನೀವೂ ನೋಡಿದ್ದೀರಿ. ಉಜ್ಜನಿ ಡ್ಯಾಮಿನಿಂದ ನೀರು ಬಿಡಿ ಅಂತ ಮಹಾರಾಷ್ಟ್ರವನ್ನು ಕೇಳಿಕೊಳ್ಳುವ ನದಿ ಅದು.

ನನ್ನ ತಕರಾರು ಬೇರೆ. ನಮ್ಮ ಕಾಕಾ ಥರ್ಮಲ್‌ಗೆ ಅಂತ ನಾಲ್ಕು ಎಕರೆ ಕೊಟ್ಟರು. ಎರೆ ಭೂಮಿ, ಹಿಂಗಾರಿ ಜೋಳ ಎದೆಮಟ್ಟ ಬರುತ್ತಿತ್ತು. ಮನೆಗೊಂದು ನೌಕರಿ ಅಂದಿದ್ದರು, ಬಾಯಿಮಾತಲ್ಲಿ. ಪರಿಹಾರದ ದುಡ್ಡು ಮಗಳ ಮದುವೆಗೆ, ಮನೆಯ ಸ್ಲ್ಯಾಬಿಗೆ ಮುಗಿಯಿತು. ಮಗ ಐಟಿಐ ಮಾಡಿಕೊಂಡು ವರ್ಷಗಟ್ಟಲೆ ಕಾದ, ಈಗ ಪುಣೆಯಲ್ಲಿದ್ದಾನೆ. ಕಾಕಾ ಈಗಲೂ ತಮ್ಮ ಹೊಲಕ್ಕೇ ಎಮ್ಮೆ ಹೊಡೆದುಕೊಂಡು ಹೋಗುತ್ತಾರೆ. ಅಲ್ಲೆಲ್ಲಾ ಬಳ್ಳಾರಿ ಜಾಲಿ ಎದ್ದಿದೆ. ಬದು ಇದ್ದ ಜಾಗ ಮಾತ್ರ ಅವರಿಗೆ ಕಣ್ಣು ಮುಚ್ಚಿದರೂ ಗೊತ್ತು.

2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ದೇಶಕ್ಕೆ ಏಳು ಜವಳಿ ಪಾರ್ಕ್ ಘೋಷಿಸಿತು. ಅದರಲ್ಲಿ ಕಲಬುರಗಿಯೂ ಒಂದು. ಅದಕ್ಕೆ ಜಾಗ ಗುರುತಿಸಿದ್ದು ಫಿರೋಜಾಬಾದ್, ನದಿಸಿನ್ನೂರ, ಹೊನ್ನಕಿರಣಗಿ ಕಡೆಯೇ. ಬರಲಿ, ಒಳ್ಳೇದೇ. ಆದರೆ ಭಾಷಣಗಳಲ್ಲಿ ‘ಸಿದ್ಧವಿರುವ ಸರ್ಕಾರಿ ಜಮೀನು’ ಅಂತ ಕೇಳಿದಾಗ ಕಸಿವಿಸಿ ಆಗುತ್ತದೆ. ಥರ್ಮಲ್‌ಗೆ ಅಂತ ನಾವು ಕೊಟ್ಟ ಭೂಮಿಯೇ ಅದು, ಸಿದ್ಧವಾದದ್ದು ಹೇಗೆ ಅಂತ ಗೊತ್ತಲ್ವಾ? ಯೋಜನೆಯ ಹೆಸರು ಬದಲಾದರೆ ಹಳೇ ಮಾತು ಮಾಫ್ ಆಗಿಬಿಡುತ್ತದಾ?

ಪಾವಗಡದ ಸೋಲಾರ್ ಪಾರ್ಕ್ ನೋಡಿ. ಸುಮಾರು 13,000 ಎಕರೆಯನ್ನು ರೈತರಿಂದ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಶುರು. ಪಹಣಿಯಲ್ಲಿ ಹೆಸರು ರೈತನದೇ. ನಮ್ಮ ಕಡೆ ಹೆಸರೇ ಹೋಗಿದೆ. ಅದನ್ನು ವಾಪಸ್ ಕೊಡಿ ಅಂತ ಹಟ ಮಾಡುತ್ತಿಲ್ಲ.

ಕೇಳುವುದು ಇಷ್ಟೇ. ಥರ್ಮಲ್‌ಗೆ ಭೂಮಿ ಕೊಟ್ಟವರ ಪಟ್ಟಿಯನ್ನು ಸರ್ವೆ ನಂಬರ್ ಸಮೇತ ಪಂಚಾಯಿತಿ ಗೋಡೆಗೆ ಅಂಟಿಸಿ. ಪಾರ್ಕಿಗೆ ಬರುವ ಕಂಪನಿಗಳ ಕರಾರಿನಲ್ಲೇ ಆ ಮನೆಗಳಿಗೆ ಮೊದಲ ನೌಕರಿ ಅಂತ ಬರೆಸಿ. ಹೆಣ್ಣುಮಕ್ಕಳನ್ನೂ ಸೇರಿಸಿ, ಹೊಲಿಗೆ ಕೆಲಸ ಅವರಿಗೆ ಜಾಸ್ತಿ ಸಿಗುತ್ತದೆ. ಈ ಬಗ್ಗೆ ಸಭೆ ಕರೆದರೆ ಊರಲ್ಲೇ ಕರೆಯಿರಿ. ಕಲಬುರಗಿಗೆ ಬಂದು ಹೋದರೆ ಕಾಕಾನ ಎಮ್ಮೆಗೆ ಆ ದಿನ ಮೇವಿಲ್ಲ.

ಇಂತಿ,
ಭೂಮಿ ಕೊಟ್ಟ ಮನೆಯವನೊಬ್ಬ