ಆ ಬಯಲಿನಲ್ಲಿ ನಾನಿದ್ದಿದ್ದರೆ

ಪ್ರೀತಿಯ ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರದ ಕೊನೆಯಲ್ಲಿ, ಸಹಿಯ ಮೇಲೆ ಇಕ್ಕಟ್ಟಾಗಿ ಬರೆದ ಒಂದು ಸಾಲು ಮೂರು ದಿನಗಳಿಂದ ನನ್ನನ್ನು ಬಿಟ್ಟಿಲ್ಲ: ‘1095ರಲ್ಲಿ ಕ್ಲೆರ್ಮಾಂಟ್‌ನ ಬಯಲಿನಲ್ಲಿ ನಾನಿದ್ದಿದ್ದರೆ ನಾನೂ ಹೆಗಲಿಗೆ ಶಿಲುಬೆ ಹೊಲಿದುಕೊಳ್ಳುತ್ತಿದ್ದೆನೇನೋ ಎಂದು ಭಯವಾಗುತ್ತದೆ.’ ಫ್ರಾನ್ಸಿನ ಆ ಬಯಲಿನಲ್ಲೇ ಅಲ್ಲವೇ ಪೋಪ್ ಎರಡನೆಯ ಅರ್ಬನ್ ಮೊದಲ ಕ್ರುಸೇಡಿಗೆ, ಅಂದರೆ ಜೆರುಸಲೇಮಿನತ್ತ ಹೊರಟ ಕ್ರೈಸ್ತರ ಧರ್ಮಯುದ್ಧಕ್ಕೆ, ಕರೆ ಕೊಟ್ಟದ್ದು; ಹೊರಟವರ ಗುರುತೇ ಹೆಗಲ ಮೇಲಿನ ಶಿಲುಬೆ. ನೀನು ಹಾಗೆ ಮಾಡುತ್ತಿರಲಿಲ್ಲ ಎಂದು ಬರೆಯಲು ಕುಳಿತೆ, ಬರೆಯಲಾಗಲಿಲ್ಲ.

ತುರ್ಕರು ಜೆರುಸಲೇಮಿನ ಯಾತ್ರಿಕರನ್ನು ಹಿಂಸಿಸಿದರು, ಅದಕ್ಕೆ ಪೋಪ್ ಯುದ್ಧ ಸಾರಿದ ಎಂದು ಬರೆದ ಮಕ್ಕಳಿಗೆ ಮೂವತ್ತು ವರ್ಷ ಪೂರ್ತಿ ಅಂಕ ಕೊಟ್ಟವನು ನಾನು. ಆ ಊರು ಮುಸ್ಲಿಮರ ಆಳ್ವಿಕೆಗೆ ಬಂದು ಆಗಲೇ ನಾನೂರೈವತ್ತು ವರ್ಷಗಳಾಗಿದ್ದವು. 1009ರಲ್ಲಿ ಈಜಿಪ್ಟಿನ ಫಾತಿಮಿ ಮನೆತನದ ಖಲೀಫ ಅಲ್-ಹಾಕಿಮ್ ಅಲ್ಲಿ ಯೇಸುವಿನದೆನ್ನುವ ಪವಿತ್ರ ಸಮಾಧಿಯ ಚರ್ಚನ್ನೇ ಕೆಡವಿಸಿದಾಗಲೂ ಯೂರೋಪಿನಿಂದ ಸೈನ್ಯ ಹೊರಡಲಿಲ್ಲ. ಪೂರ್ವದ ಕ್ರೈಸ್ತ ಸಾಮ್ರಾಜ್ಯವಾದ ಬೈಜಾಂಟಿಯಂನ ಚಕ್ರವರ್ತಿಗಳು ಫಾತಿಮಿಗಳೊಡನೆ ಮಾತಾಡಿಕೊಂಡು ಅದನ್ನು ಮತ್ತೆ ಕಟ್ಟಿಸಿದರು. ಹಾಗಿದ್ದರೆ ಎಂಬತ್ತಾರು ವರ್ಷಗಳ ಮೇಲೆ ಏಕೆ ಎಂದು ಮಕ್ಕಳು ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. 1099ರಲ್ಲಿ ಕ್ರುಸೇಡಿನ ಯೋಧರು ಅಲ್ಲಿಗೆ ತಲುಪುವ ಹಿಂದಿನ ವರ್ಷವೇ ಫಾತಿಮಿಗಳು ಆ ತುರ್ಕರನ್ನು ಊರಿನಿಂದ ಓಡಿಸಿಯಾಗಿತ್ತೆಂಬುದನ್ನು ನಾನು ಪಾಠದಲ್ಲಿ ಹೇಳಿಯೇ ಇರಲಿಲ್ಲ.

ತುರ್ಕರ ಕೈಯಲ್ಲಿ ಬೈಜಾಂಟಿಯಂಗಾದ 1071ರ ಮಾಂಜಿಕರ್ಟ್ ಸೋಲು, ಅಲ್ಲಿನ ಚಕ್ರವರ್ತಿ ಅಲೆಕ್ಸಿಯೋಸ್ ಕೇಳಿದ ಸೈನ್ಯದ ನೆರವು, ಜರ್ಮನಿಯ ದೊರೆ ಹೆನ್ರಿ ನಿಲ್ಲಿಸಿದ ಎದುರಾಳಿ ಪೋಪನೊಡನೆ ಅರ್ಬನ್ ನಡೆಸುತ್ತಿದ್ದ ಜಗಳ, ಇವನ್ನೆಲ್ಲ ನೀನು ನನಗಿಂತ ಚೆನ್ನಾಗಿ ಓದಿದ್ದೀಯೆ. ನನ್ನನ್ನು ಕಾಡುವುದು ಕ್ಲೆರ್ಮಾಂಟ್ ಸಭೆಯ ಒಂದು ನಿರ್ಣಯ: ಹಣಕ್ಕಾಗಲಿ ಕೀರ್ತಿಗಾಗಲಿ ಅಲ್ಲದೆ ಕೇವಲ ಭಕ್ತಿಯಿಂದ ಹೊರಟವನಿಗೆ ಆ ಪ್ರಯಾಣವೇ ಸಕಲ ಪ್ರಾಯಶ್ಚಿತ್ತವೆಂದು ಎಣಿಕೆಯಾಗುತ್ತದೆ. ನೆರೆಯವನನ್ನು ಕೊಂದು ನರಕಕ್ಕೆ ಅಂಜುತ್ತಿದ್ದ ಯೋಧನಿಗೆ, ಕತ್ತಿಯನ್ನು ಕೆಳಗಿಡದೆಯೇ ಪಾಪ ತೊಳೆದುಕೊಳ್ಳುವ ದಾರಿ ಸಿಕ್ಕಿತು. ಅವರಲ್ಲಿ ಅನೇಕರು ಸಜ್ಜನರಾಗಿಯೇ ಹೊರಟರು, ಮಗಳೇ. ನಿನ್ನ ಭಯಕ್ಕೆ ಬೇರು ಅಲ್ಲಿದೆ.

ನನಗೆ ಇಪ್ಪತ್ತೆರಡಾಗಿದ್ದಾಗ ಒಂದು ಮೆರವಣಿಗೆಯಲ್ಲಿ ನಡೆದಿದ್ದೆ. ಸ್ನಾನ, ಪೂಜೆ ಮುಗಿಸಿಯೇ ಹೊರಟಿದ್ದೆ. ಯಾರ ಮೇಲೂ ಸಿಟ್ಟಿರಲಿಲ್ಲ. ನಮ್ಮ ಬೀದಿಯ ಮುಸ್ಲಿಂ ದರ್ಜಿಯ ಮನೆಯ ಮುಂದೆ ಘೋಷಣೆ ಜೋರಾಯಿತು, ನನ್ನ ದನಿಯೂ ಏರಿತು. ನನ್ನ ಮೊದಲ ಪ್ಯಾಂಟು ಹೊಲಿದುಕೊಟ್ಟ ಆತ ಒಳಗಿನಿಂದ ಕಿಟಕಿಯ ಬಾಗಿಲು ಎಳೆದುಕೊಂಡದ್ದನ್ನು ಕಂಡೆ. ಒಂದು ಕಲ್ಲೂ ಬೀಳಲಿಲ್ಲ. ಆದರೂ ಆತ ಬದುಕಿದ್ದಷ್ಟು ದಿನ ಅವನ ಅಂಗಡಿಯ ಮೆಟ್ಟಿಲು ಹತ್ತಿ ಒಂದು ಮಾತು ಆಡಲಿಲ್ಲ. ನೀನು ಶಿಲುಬೆ ಹೊಲಿದುಕೊಳ್ಳುತ್ತಿರಲಿಲ್ಲ ಎಂದು ಭರವಸೆ ಕೊಡಲು ನನ್ನ ಕೈ ಏಳದಿದ್ದುದು ಇದಕ್ಕೇ.

ಸಲಹೆ ಕೊಡುವ ಯೋಗ್ಯತೆ ನನಗೆಷ್ಟಿದೆಯೋ ತಿಳಿಯದು. ಅರ್ಬನ್ನನ ಭಾಷಣವನ್ನು ಯಾರೋ ಒಬ್ಬರ ಬರಹದಲ್ಲಿ ಮಾತ್ರ ಓದಬೇಡ ಎಂದಷ್ಟೇ ಹೇಳಬಲ್ಲೆ. ಆ ಕಾಲದ ವೃತ್ತಾಂತಕಾರ ಫುಲ್ಚರ್ ಬರೆದ ಭಾಷಣದಲ್ಲಿ ಜೆರುಸಲೇಮಿನ ಹೆಸರೇ ಇಲ್ಲ. ಸನ್ಯಾಸಿ ರಾಬರ್ಟನ ಬರಹದಲ್ಲಿ ಅದು ಮೈದುಂಬಿಕೊಂಡು ನಿಂತಿದೆ. ಇಬ್ಬರೂ ಬರೆದದ್ದು ಗೆಲುವಿನ ನಂತರ. ರಾತ್ರಿ ಹೊತ್ತು ಇವನ್ನು ಓದದಿದ್ದರೆ ಒಳ್ಳೆಯದು, ನಿದ್ದೆ ಕೆಡುತ್ತದೆ.

ನೀನಿರುವ ಜರ್ಮನಿಯ ಮೈಂಜ್ ನಗರದಲ್ಲೇ 1096ರ ಮೇ ತಿಂಗಳಲ್ಲಿ, ಜೆರುಸಲೇಮಿಗೆಂದು ಹೊರಟವರು ಯಹೂದಿಗಳನ್ನು ಕೊಂದರು; ಊರಬಾಗಿಲನ್ನು ಒಳಗಿನವರೇ ತೆರೆದರೆಂದು ಹೀಬ್ರೂ ವೃತ್ತಾಂತ ಹೇಳುತ್ತದೆ. ಅದೇ ತಿಂಗಳ ಮೊದಲ ವಾರ ಸ್ಪೇಯರ್‌ನಲ್ಲಿ ಹನ್ನೊಂದು ಮಂದಿ ಸತ್ತ ಮೇಲೆ ಬಿಷಪ್ ಯೋಹಾನ್ ಉಳಿದವರನ್ನು ರಕ್ಷಿಸಿದ. ಅವನೂ ಅದೇ ಚರ್ಚಿನವನು, ಅದೇ ವರ್ಷದವನು. ನಿನ್ನ ಸಾಲನ್ನು ಓದಿದಾಗಿನಿಂದ ನಾನು ಅವನನ್ನೇ ನೆನೆಯುತ್ತಿದ್ದೇನೆ. ಸ್ಪೇಯರ್ ನಿನಗೆ ದೂರವಿಲ್ಲ. ಬಿಡುವಾದಾಗ ಹೋಗಿ ಬಂದರೆ, ಅಲ್ಲಿನ ಹಳೆಯ ಯಹೂದಿ ಅಂಗಳ ಹೇಗಿದೆಯೆಂದು ನನಗೆ ಬರೆ.

ನಿನ್ನ ದೊಡ್ಡಪ್ಪ