ಮೇಘನಾಗೆ ದೊಡ್ಡಪ್ಪನ ಕಾಗದ

ಚಿ. ಮೇಘನಾಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಎಂ.ಎ. ಮುಗಿಸಿಯೂ ಇನ್ನೊಬ್ಬರ ಸ್ವರಲಿಪಿ ನಕಲು ಮಾಡಿಕೊಂಡು ಕೂತಿದ್ದೇನೆ ಎಂದು ನೊಂದು ಬರೆದಿದ್ದೀಯ. ಆ ಕೆಲಸ ಬಿಡಬೇಡ ಮಗಳೇ.

ನೀನೇ ನನಗೆ ಕೇಳಿಸಿದ ಅಮೆರಿಕದ ಜಾಝ್ ಸಂಗೀತ ರಚನೆಗಾರ್ತಿ ಮರಿಯಾ ಶ್ನೈಡರ್ ಅವರನ್ನೇ ನೋಡು. ಮಿನ್ನೆಸೋಟಾದ ವಿಂಡಮ್ ಎಂಬ ಪುಟ್ಟ ಊರಿನವರು. 1985ರಲ್ಲಿ ಈಸ್ಟ್‌ಮನ್ ಸಂಗೀತ ಶಾಲೆಯ ಓದು ಮುಗಿಸಿ ನ್ಯೂಯಾರ್ಕಿಗೆ ಬಂದು ಹಿಡಿದದ್ದು ಇದೇ ನಕಲಿನ ಕೆಲಸ. ಅದರಿಂದಲೇ ಗಿಲ್ ಎವನ್ಸ್ ಅವರ ಸಹಾಯಕಿಯಾದರು. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜೊತೆ ಕೂತು ಜಾಝ್ ವಾದ್ಯವೃಂದದ ಬಣ್ಣವನ್ನೇ ಬದಲಿಸಿದ ಮನುಷ್ಯ ಆತ. ಒಂದು ಕೊಳಲಿನ ಕೆಳಗೆ ಯಾವ ಹಿತ್ತಾಳೆ ವಾದ್ಯ ಇಟ್ಟರೆ ಏನು ಕೇಳುತ್ತದೆ ಎನ್ನುವುದು ಅಂಥವರ ಹಾಳೆಯನ್ನು ಗೆರೆಗೆರೆಯಾಗಿ ಬರೆಯುವ ಕೈಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿಯದು. ಸಾಲದೆಂದು ಬಾಬ್ ಬ್ರೂಕ್‌ಮೈಯರ್ ಎಂಬ ಇನ್ನೊಬ್ಬ ಜಾಝ್ ರಚನೆಗಾರರ ಬಳಿಯೂ ಕಲಿತರು.

ಮೊದಲ ಆಲ್ಬಮ್ 'ಇವನೆಸೆನ್ಸ್' ಬಂದದ್ದು 1994ರಲ್ಲಿ. ಅಷ್ಟು ಹೊತ್ತಿಗೆ ಆಕೆಗೆ ಮೂವತ್ತು ದಾಟಿತ್ತು. ಶೀರ್ಷಿಕೆಯ ಕೃತಿ ಎವನ್ಸ್ ನೆನಪಿಗೇ ಬರೆದದ್ದು. ನಿನಗಿನ್ನೂ ಇಪ್ಪತ್ತಾರು.

ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಆ ಸೋಮವಾರಗಳು. 1993ರಿಂದ 1998ರವರೆಗೆ ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನ ವಿಸಿಯೋನೆಸ್ ಎಂಬ ಕ್ಲಬ್ಬಿನಲ್ಲಿ ಪ್ರತಿ ಸೋಮವಾರ ಅವರ ದೊಡ್ಡ ಬ್ಯಾಂಡ್ ನುಡಿಸುತ್ತಿತ್ತು. ಅಷ್ಟು ಮಂದಿಯನ್ನು ವಾರವಾರ ಕೂಡಿಸುವುದೆಂದರೆ ಮದುವೆಮನೆಯ ಅಡುಗೆ ಮಾಡಿಸಿದಂತೆಯೇ. ಆದರೆ ಬರೆದದ್ದು ಅಂದೇ ಕಿವಿಗೆ ಬೀಳುತ್ತದೆ, ತಪ್ಪಿದ್ದನ್ನು ಮುಂದಿನ ವಾರ ತಿದ್ದಬಹುದು. ಯಾರ ಉಸಿರು ಎಷ್ಟು ಉದ್ದ, ಯಾರು ಯಾವ ಸ್ವರದಲ್ಲಿ ಅರಳುತ್ತಾರೆ ಎನ್ನುವುದೂ ತಿಳಿಯುತ್ತದೆ. ಆ ವಾದಕರಲ್ಲಿ ಕೆಲವರು ದಶಕಗಳ ಕಾಲ ಆಕೆಯ ಜೊತೆಗೇ ಉಳಿದರು. ಕಂಪ್ಯೂಟರ್ ನುಡಿಸಿ ತೋರಿಸುವ ಟ್ರಂಪೆಟ್ಟಿಗೆ ತುಟಿ ನೋಯುವುದಿಲ್ಲ, ಅದನ್ನು ನಂಬಿ ಬರೆಯಬೇಡ.

ಹಣದ ವಿಷಯಕ್ಕೂ ಅವರೇ ದಾರಿ. 'ಕಾನ್ಸರ್ಟ್ ಇನ್ ದ ಗಾರ್ಡನ್' ಆಲ್ಬಮ್ಮಿಗೆ ಆರ್ಟಿಸ್ಟ್‌ಶೇರ್ ಎಂಬ ಇಂಟರ್ನೆಟ್ ತಾಣದ ಮೂಲಕ ಕೇಳುಗರಿಂದಲೇ ದುಡ್ಡು ಕೂಡಿಸಿದರು. ಅಂಗಡಿಗೆ ಹೋಗದೆ ಇಂಟರ್ನೆಟ್ಟಿನಲ್ಲಷ್ಟೇ ಮಾರಾಟವಾಗಿ 2005ರಲ್ಲಿ ಗ್ರ್ಯಾಮಿ ಸಂಗೀತ ಪ್ರಶಸ್ತಿ ಗೆದ್ದಿತು; ಹಾಗೆ ಗೆದ್ದ ಮೊದಲ ಆಲ್ಬಮ್ ಅದು. 2014ರಲ್ಲಿ ಹಕ್ಕುಸ್ವಾಮ್ಯದ ಬಗ್ಗೆ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಹೋಗಿ ಮಾತಾಡಿದರು. ದೊಡ್ಡ ತಂತ್ರಜ್ಞಾನ ಕಂಪನಿಗಳ ಮೇಲಿನ ಆ ಸಿಟ್ಟೇ 2020ರ 'ಡೇಟಾ ಲಾರ್ಡ್ಸ್' ಆಲ್ಬಮ್ ಆಗಿ ಹೊಮ್ಮಿತು. ಅದಕ್ಕೆ ಎರಡು ಗ್ರ್ಯಾಮಿ ಬಂತು. ಆದ್ದರಿಂದ ನಿನ್ನ ಕೃತಿಗಳ ಹಕ್ಕನ್ನು ಯಾರಿಗೂ ಬರೆದುಕೊಡಬೇಡ. ಯಾವ ಕರಾರಾದರೂ ಸಹಿ ಹಾಕುವ ಮುಂಚೆ ವಕೀಲರಿಗೆ ತೋರಿಸು, ಆ ಖರ್ಚು ನನ್ನದು.

ಹಗಲು ನಕಲಿನ ಕೆಲಸ ಮಾಡು. ವಾರಕ್ಕೊಂದು ಸಂಜೆ ಗೆಳೆಯರನ್ನು ಕೂಡಿಸು. ಎಂಟೇ ಮಂದಿ ಸಿಕ್ಕರೆ ಆ ಎಂಟು ಮಂದಿಗೇ ಬರೆ. ಅಭ್ಯಾಸದ ಕೋಣೆಗೆ ಬಾಡಿಗೆ ಎಷ್ಟೆಂದು ತಿಳಿಸು. ನಿನ್ನಪ್ಪನ ಹತ್ತಿರ ನಾನು ಮಾತಾಡಿಕೊಳ್ಳುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ